ಕೇಳಿದ್ದೊಂದು, ಹೇಳಿದ್ದೊಂದು

ಚಾಮರಾಜಪುರಂ ರೈಲು ನಿಲ್ದಾಣದಲ್ಲಿ ‘ನಂಜನಗೂಡಿನ ಗಾಡಿ ಹೋಯಿತೇ?’ ಎಂದು ಕೇಳಿದವರಿಗೆ ‘ಹೋಯಿತು’ ಎಂದರೆ ಸಾಕು. ಉತ್ತರದ ಬದಲು ತನ್ನ ಬಿರುದುಬಾವಲಿಗಳನ್ನು ಒಪ್ಪಿಸುವವನು ಸಿಕ್ಕರೆ ಕೇಳಿದವನಿಗೆ ಸಂಕಟ, ಪಕ್ಕದಲ್ಲಿ ನಿಂತವನಿಗೆ ನಗೆ. ಈಟಿವಿ ಕನ್ನಡದಲ್ಲಿ ಬಂದ ‘ಸಿಲ್ಲಿ ಲಲ್ಲಿ’ಯ ಡಾಕ್ಟರ್ ವಿಠಲರಾಯರು ಈ ಪಂಗಡದವರು.

ಮಾತುಕತೆಯೆಂಬುದು ಪರಸ್ಪರ ಸಹಕಾರ. ಬೇಕಾದಷ್ಟನ್ನೇ, ನಿಜವನ್ನೇ, ಸಂದರ್ಭಕ್ಕೆ ಸಲ್ಲುವುದನ್ನೇ, ತಿಳಿಯಾಗಿ ಆಡಬೇಕೆಂಬ ಕಟ್ಟಳೆ ಅದಕ್ಕುಂಟು ಎಂದು ತತ್ತ್ವಜ್ಞ ಗ್ರೈಸ್ 1967ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ವಿವರಿಸಿದರು. ಅದನ್ನು ಮುರಿದು ನಗಿಸುವ ಬಗೆಯನ್ನು 1946ರಲ್ಲಿಯೇ ತೀರಿಕೊಂಡ ನಮ್ಮ ಕೈಲಾಸಂ ಚೆನ್ನಾಗಿ ಬಲ್ಲವರಾಗಿದ್ದರು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ಅಹೋಬ್ಲು, ಕೇಳುವವರು ನಂಬಲೆಂದೇ ಕೊಚ್ಚಿಕೊಳ್ಳುವವನು. ಅವನ ಮಾತಿನ ಹಿಂದೆ ಬಯಲಾಗುವ ಭಯವಿದೆ. ಆದ್ದರಿಂದ ನಗೆಯೊಡನೆ ತುಸು ಕನಿಕರವೂ ಹುಟ್ಟುತ್ತದೆ. ವಿಠಲರಾಯರದು ಬೇರೆ ದಾರಿ. ಅವರ ಹೆಗ್ಗಳಿಕೆಯನ್ನು ನೋಡುವವರಾರೂ ನಂಬುವುದಿಲ್ಲ. ಇದು ಅವರೊಬ್ಬರಿಗೇ ತಿಳಿಯದು! ರವಿಶಂಕರ್ ಗೌಡರು ಆ ಮುಗ್ಧತೆಯನ್ನು ಕಡೆಯವರೆಗೂ ಕಾಪಾಡಿದ್ದರಿಂದಲೇ ಪಾತ್ರ ನೆನಪಿನಲ್ಲಿ ನಿಂತಿತು.

ನನ್ನ ತಕರಾರು ಇಷ್ಟೆ. ನಾಟಕದಲ್ಲಿ ಆಡಿದ ಮಾತಿಗೆ ಬೆಲೆ ತೆರಬೇಕು. ಧಾರಾವಾಹಿಯಲ್ಲಿ ಮಾರನೆಯ ಸಂಜೆ ಏನೂ ನಡೆದೇ ಇಲ್ಲವೆಂಬಂತೆ ಅದೇ ಬಡಾಯಿ ಮತ್ತೆ ಮೊದಲಾಗುತ್ತದೆ. ನೂರನೆಯ ಸಲಕ್ಕೆ ಉಲ್ಲಂಘನೆಯೇ ಕಟ್ಟಳೆಯಾಗಿಬಿಡುತ್ತದೆ. ಒಂದು ದಿನವಾದರೂ ವಿಠಲರಾಯರು ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ, ನಾನಂತೂ ಇನ್ನೂ ಗಟ್ಟಿಯಾಗಿ ನಗುತ್ತಿದ್ದೆ.