30×40 ಮನೆಯ ನಕ್ಷೆ: ಒಂದು ವಿಮರ್ಶೆ

ಕತೆ, ಕವಿತೆಗಳಿಗೆ ವಿಮರ್ಶಕರಿದ್ದಾರೆ. ಸಿನಿಮಾಕ್ಕಂತೂ ನೋಡಿದವರೆಲ್ಲ ವಿಮರ್ಶಕರೇ. ಆದರೆ ಮಧ್ಯಮ ವರ್ಗದ ಕುಟುಂಬವೊಂದು ತನ್ನ ಜೀವಮಾನದಲ್ಲೇ ಅತಿ ಹೆಚ್ಚು ಬೆಲೆ ತೆತ್ತು ಪಡೆಯುವ, ಇಪ್ಪತ್ತು ವರ್ಷ ಕಂತು ಕಟ್ಟುವ ಕೃತಿಯೊಂದನ್ನು ಯಾರೂ ವಿಮರ್ಶಿಸುವುದಿಲ್ಲ. ಅದು ಮನೆಯ ನಕ್ಷೆ. ಅದನ್ನು ನೋಡುವವರು ಕೇಳುವುದು ಎರಡೇ ಪ್ರಶ್ನೆ: ಬಾಗಿಲು ಯಾವ ದಿಕ್ಕಿಗೆ? ಬೆಡ್‌ರೂಂ ಎಷ್ಟು?

ಕಳೆದ ಏಪ್ರಿಲ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂಥದೊಂದು ನಕ್ಷೆಯನ್ನು ಸುರುಳಿ ಸುತ್ತಿಕೊಂಡು ನಮ್ಮ ಮನೆಗೆ ಬಂದಿದ್ದರು. ಈಗ ಅವರು ಪ್ರೌಢಶಾಲೆಯ ವಿಜ್ಞಾನ ಅಧ್ಯಾಪಕರು. ಬೆಂಗಳೂರಿನ ಹೊರವಲಯದಲ್ಲಿ 30×40 ಅಡಿಯ ನಿವೇಶನ, ಪಶ್ಚಿಮಕ್ಕೆ ರಸ್ತೆ, ಉಳಿದ ಮೂರು ಕಡೆ ಪಕ್ಕದವರ ನಿವೇಶನಗಳು. ಸಾಲ ಮಂಜೂರಾಗಿತ್ತು, ಎರಡು ವಾರದಲ್ಲಿ ಪಾಯ ತೆಗೆಯುವುದಿತ್ತು. ನಕ್ಷೆ ಅಚ್ಚಾದ ಪುಸ್ತಕವೊಂದರಿಂದ ಆರಿಸಿಕೊಂಡದ್ದು. “ಸುಮ್ಮನೆ ಒಮ್ಮೆ ಕಣ್ಣಾಡಿಸಿ ಸಾರ್” ಎಂದರು. ಕಣ್ಣಾಡಿಸಿದ್ದು ಮೂರು ಗಂಟೆಯಾಯಿತು. ಅಂಥ ನಕ್ಷೆಗಳು ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ನೀವು ಈಗ ಈ ಲೇಖನವನ್ನು ಅಂಥ ಮನೆಯಲ್ಲೇ ಕುಳಿತು ಓದುತ್ತಿರಬಹುದು.

ಮೊದಲು ಕಣ್ಣಿಗೆ ಬಿದ್ದದ್ದು ನಕ್ಷೆಯಲ್ಲ, ಅದರ ಸುತ್ತಲಿನ ಬಿಳಿ ಕಾಗದ. ಮನೆಯ ಗೋಡೆಗಳಿವೆ, ಕಾಂಪೌಂಡಿನ ಗೆರೆ ಇದೆ, ಅದರಾಚೆ ಏನೂ ಇಲ್ಲ. ಬಯಲಿನ ನಡುವೆ ಒಂಟಿಯಾಗಿ ನಿಂತ ಮನೆಯಂತೆ ಅದು ಕಾಣುತ್ತದೆ. ನಿಜಕ್ಕೂ ಆಚೆ ಇರುವುದು, ಅಥವಾ ನಾಲ್ಕಾರು ವರ್ಷಗಳಲ್ಲಿ ಬರುವುದು, ಪಕ್ಕದವರ ಎರಡಂತಸ್ತಿನ ಗೋಡೆ. ಇವರು ಮೂರಡಿ ಬಿಡುತ್ತಾರೆ, ಅವರು ಮೂರಡಿ ಬಿಡುತ್ತಾರೆ. ನಡುವೆ ಹೆಚ್ಚೆಂದರೆ 2 ಮೀಟರ್.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ನೆಲ ಅಂತಸ್ತಿನ ಕಿಟಕಿಯ ಮಧ್ಯಬಿಂದು ನೆಲದಿಂದ 1.5 ಮೀ. ಎತ್ತರದಲ್ಲಿದೆ. ಪಕ್ಕದ ಗೋಡೆ ಪ್ಯಾರಪೆಟ್ ಸೇರಿ 7 ಮೀ. ಎಂದುಕೊಳ್ಳಿ. ಕಿಟಕಿಯಿಂದ ನೋಡಿದರೆ ಆ ಗೋಡೆಯ ನೆತ್ತಿ 5.5/2ರ ಸ್ಪರ್ಶಕೋನದಷ್ಟು, ಅಂದರೆ ಸುಮಾರು 70 ಡಿಗ್ರಿ ಎತ್ತರದಲ್ಲಿರುತ್ತದೆ. ಅದರ ಕೆಳಗಿನ ಆಕಾಶವೆಲ್ಲ ಮುಚ್ಚಿಹೋಯಿತು. ಲಂಬವಾದ ಕಿಟಕಿಗೆ ನೆತ್ತಿಯ ಸಮೀಪದ ಆಕಾಶ ಓರೆಯಾಗಿಯೇ ಕಾಣುವುದರಿಂದ, ಉಳಿದ 20 ಡಿಗ್ರಿಯಿಂದ ಬರುವ ಬೆಳಕು ತೀರ ಕಡಿಮೆ. ಆಕಾಶದ ಹೊಳಪು ಎಲ್ಲೆಡೆ ಒಂದೇ ಎಂದಿಟ್ಟುಕೊಂಡರೆ, ಬಯಲಿನಲ್ಲಿ ಬರುತ್ತಿದ್ದ ಬೆಳಕಿನ (1 – ಸೈನ್ 70°) ಭಾಗ, ಅಂದರೆ ನೂರರಲ್ಲಿ ಆರು ಪಾಲು ಮಾತ್ರ ಕಿಟಕಿಯನ್ನು ತಲುಪುತ್ತದೆ.

ಅಷ್ಟಾದರೂ ಬಂತಲ್ಲ ಎನ್ನುವಿರಾ? ಕಿಟಕಿಯ ಮೇಲೆ ಸಜ್ಜಾ ಇದೆ. ಲಿಂಟಲ್ ಮಟ್ಟದಲ್ಲಿ, ಮಧ್ಯಬಿಂದುವಿಗಿಂತ 60 ಸೆಂ.ಮೀ. ಮೇಲೆ, 60 ಸೆಂ.ಮೀ. ಮುಂದಕ್ಕೆ ಚಾಚಿದ ಸಜ್ಜಾ 45 ಡಿಗ್ರಿಗಿಂತ ಮೇಲಿನ ಆಕಾಶವನ್ನು ಪೂರ್ತಿ ಮರೆಮಾಡುತ್ತದೆ. 70ರವರೆಗೆ ಪಕ್ಕದ ಗೋಡೆ, 45ರಿಂದ ಮೇಲೆ ನಮ್ಮದೇ ಸಜ್ಜಾ! ಆ ಕಿಟಕಿಗೆ ಆಕಾಶದ ಒಂದು ಚೂರೂ ಕಾಣುವುದಿಲ್ಲ. ಎದುರಿನ ಗೋಡೆ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೋ ಅಷ್ಟೇ ಅದರ ಪಾಲು, ಮತ್ತು ಆ ಗೋಡೆಗೆ ಬಣ್ಣ ಬಳಿಯುವ ಹಕ್ಕು ನಿಮ್ಮದಲ್ಲ. ಪುಸ್ತಕದ ನಕ್ಷೆಯಲ್ಲಿ ಇಂಥ ಕಿಟಕಿಗಳು ನೆಲ ಅಂತಸ್ತಿನಲ್ಲಿ ಐದು. ಎಲ್ಲಕ್ಕೂ ‘ಡಬ್ಲ್ಯೂ’ ಎಂಬ ಗುರುತು ಹಾಕಿ, ಅಳತೆ ಕೊಟ್ಟು, ಗಾಳಿ ಬೆಳಕಿನ ವ್ಯವಸ್ಥೆ ಆಯಿತೆಂದು ಕೈತೊಳೆದುಕೊಂಡಿದ್ದಾರೆ.

ಇದರಲ್ಲಿ ನನ್ನ ಸ್ವಂತ ಸಂಕಟವೂ ಸೇರಿದೆಯೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯ ನಕ್ಷೆ ಎಳೆದವನು ನಾನೇ. ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಇತ್ತು. ಪಕ್ಕದ ನಿವೇಶನ ಆಗ ಖಾಲಿಯಿತ್ತು. ತಾಯಿಯವರಿಗೆ ಮೆಟ್ಟಿಲು ಬೇಡವೆಂದು ನೆಲ ಅಂತಸ್ತಿನಲ್ಲಿ, ಉತ್ತರದ ಮಗ್ಗುಲಿಗೆ ಕೋಣೆ ಮಾಡಿಸಿದೆ. ಆರು ವರ್ಷಗಳ ಬಳಿಕ ಪಕ್ಕದವರು ಕಟ್ಟಿದರು. ಅದು ಅವರ ಹಕ್ಕು, ತಪ್ಪಲ್ಲ. ಅಂದಿನಿಂದ ಬೆಳಗಿನ ಹತ್ತಕ್ಕೂ ಅಮ್ಮ “ದೀಪ ಹಾಕಪ್ಪ” ಎನ್ನತೊಡಗಿದರು. ಆಮೇಲೆ ಕೇಳುವುದನ್ನೂ ಬಿಟ್ಟು, ಮುಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುವುದನ್ನು ರೂಢಿ ಮಾಡಿಕೊಂಡರು. ಕೋಣೆ ಮಲಗುವುದಕ್ಕಷ್ಟೇ ಆಯಿತು. ಕಾಂಪೌಂಡಿನಾಚೆ ಒಂದು ಗೆರೆ ಎಳೆದು ‘7 ಮೀ.’ ಎಂದು ಬರೆದುಕೊಂಡಿದ್ದರೆ ಸಾಕಿತ್ತು.

ಇನ್ನು ಸೂರ್ಯ. ಮಂಗಳೂರು, ಹಾಸನ, ಬೆಂಗಳೂರು, ಕೋಲಾರಗಳೆಲ್ಲ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಶೂನ್ಯ ನೆರಳಿನ ದಿನದ ಚಟುವಟಿಕೆಯನ್ನು ನಿಮ್ಮಲ್ಲಿ ಅನೇಕರು ಶಾಲೆಯಲ್ಲಿ ಮಾಡಿಸಿರುತ್ತೀರಿ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಹಾಗೂ ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಈ ಎರಡರ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸರಿದರೂ ಕ್ಷಿತಿಜದಿಂದ 53 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಹೀಗಾಗಿ ಉತ್ತರ, ದಕ್ಷಿಣದ ಗೋಡೆಗಳನ್ನು ಕಾಯುವುದು ಸುಲಭ. ಅಲ್ಲಿ ಸಣ್ಣ ಸಜ್ಜಾ ಕೂಡ ಕೆಲಸ ಮಾಡುತ್ತದೆ. ತೊಂದರೆ ಪಶ್ಚಿಮದ್ದು. ಮಾರ್ಚ್ ತಿಂಗಳ ವಿಷುವ ದಿನದ ಆಸುಪಾಸಿನಲ್ಲಿ, ಸೂರ್ಯ ಮಧ್ಯಾಹ್ನ ರೇಖೆ ದಾಟಿ ನಾಲ್ಕು ಗಂಟೆಯಾದಾಗ, ಅವನ ಎತ್ತರ 29 ಡಿಗ್ರಿ. ಆಗ 60 ಸೆಂ.ಮೀ. ಸಜ್ಜಾದ ನೆರಳು ಕೆಳಗಿಳಿಯುವುದು 33 ಸೆಂ.ಮೀ. ಮಾತ್ರ. ನಾಲ್ಕಡಿ ಎತ್ತರದ ಕಿಟಕಿಯ ಮುಕ್ಕಾಲು ಪಾಲಿಗೆ ನೇರ ಬಿಸಿಲು. ಅಂದರೆ ನೆರಳು ಬೇಕಿದ್ದ ಪಶ್ಚಿಮದಲ್ಲಿ ಸಜ್ಜಾ ಸಾಲದು, ಬೆಳಕು ಬೇಕಿದ್ದ ಪಕ್ಕದ ಸಂದಿಯಲ್ಲಿ ಅದೇ ಸಜ್ಜಾ ಹೆಚ್ಚಾಯಿತು. ನಾಲ್ಕೂ ಕಡೆಗೆ ಒಂದೇ ಅಳತೆಯ ಸಜ್ಜಾ ಬರೆಯುವವರು ಇದನ್ನು ಯೋಚಿಸಿದಂತಿಲ್ಲ.

ಈ ನಕ್ಷೆಯಲ್ಲಿ ಪಶ್ಚಿಮಕ್ಕಿರುವುದು ರಸ್ತೆ. ತಡೆಯುವ ಗೋಡೆ ದೂರದಲ್ಲಿದೆ. ಹಾಗಾಗಿ ಸಂಜೆ ನಾಲ್ಕೂವರೆ ಗಂಟೆಯವರೆಗೂ ಮುಂಭಾಗದ ಗೋಡೆಗೆ ಬಿಸಿಲು ಬಡಿಯುತ್ತದೆ. ಮೇಲಂತಸ್ತಿಗೆ ಇನ್ನೂ ಹೆಚ್ಚು ಹೊತ್ತು. ಅಲ್ಲಿ, ಮೇಲಂತಸ್ತಿನ ನೈಋತ್ಯ ಮೂಲೆಯಲ್ಲಿ ಇರುವುದು ಯಾವ ಕೋಣೆ? ಮಾಸ್ಟರ್ ಬೆಡ್‌ರೂಂ. ಯಜಮಾನ ನೈಋತ್ಯದಲ್ಲಿ ಮಲಗಬೇಕೆಂಬುದು ವಾಸ್ತು ಸಲಹೆಗಾರರ ನಿಯಮ.

ಗೋಡೆಯ ಹೊರಮೈ ದಿನಕ್ಕೊಮ್ಮೆ ಕಾಯುತ್ತದೆ, ಒಮ್ಮೆ ತಣಿಯುತ್ತದೆ. ಈ ಏರಿಳಿತ ಒಂದು ತರಂಗದಂತೆ ಗೋಡೆಯೊಳಕ್ಕೆ ಸಾಗುತ್ತದೆ. ಸಾಗುತ್ತ ಕ್ಷೀಣಿಸುತ್ತದೆ, ತಡವೂ ಆಗುತ್ತದೆ. ಪದಾರ್ಥದ ಉಷ್ಣ ವಿಸರಣಾಂಕದ ಎರಡರಷ್ಟನ್ನು ಕೋನೀಯ ಆವೃತ್ತಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಒಂದು ದೂರ ಸಿಗುತ್ತದೆ. ಅಷ್ಟು ದಪ್ಪ ದಾಟುವಾಗ ತರಂಗದ ಪಾರ ಶೇಕಡಾ 37ಕ್ಕೆ ಇಳಿಯುತ್ತದೆ ಮತ್ತು ಒಂದು ರೇಡಿಯನ್‌ನಷ್ಟು, ಎಂದರೆ ಸುಮಾರು 3 ಗಂಟೆ 50 ನಿಮಿಷ ತಡವಾಗುತ್ತದೆ. ಕಾಂಕ್ರೀಟಿಗೆ ವಿಸರಣಾಂಕ ಸೆಕೆಂಡಿಗೆ ಸುಮಾರು 7×10⁻⁷ ಚದರ ಮೀಟರ್. ಆದ್ದರಿಂದ ಆ ದೂರ ಸುಮಾರು 14 ಸೆಂ.ಮೀ. ಈಗಿನ ಆರಂಗುಲದ ಕಾಂಕ್ರೀಟ್ ಬ್ಲಾಕ್ ಗೋಡೆ 15 ಸೆಂ.ಮೀ. ಇದೆ. ಸಂಜೆ ನಾಲ್ಕಕ್ಕೆ ಹೊರಗೆ ಬಡಿದ ಶಾಖ, ಮೂರನೆಯ ಒಂದು ಭಾಗವಾಗಿ, ರಾತ್ರಿ ಎಂಟರ ಸುಮಾರಿಗೆ ಒಳಮೈಗೆ ಬರುತ್ತದೆ. ಒಂಬತ್ತಂಗುಲದ ಇಟ್ಟಿಗೆ ಗೋಡೆಯಾದರೆ ಪ್ರಮಾಣ ಕಡಿಮೆ, ಆದರೆ ತಲುಪುವ ಹೊತ್ತು ರಾತ್ರಿ ಹನ್ನೊಂದು ದಾಟುತ್ತದೆ. (ಗೋಡೆ ಅನಂತ ದಪ್ಪದ್ದೆಂಬ ಸರಳೀಕರಣ ಇಲ್ಲಿದೆ, ನಿಜ ಗೋಡೆಯಲ್ಲಿ ಅಂಕಿಗಳು ಒಂದಷ್ಟು ಆಚೀಚೆ ಆಗುತ್ತವೆ. ಪದವಿ ವಿದ್ಯಾರ್ಥಿಗಳು ಮಾಡಿ ನೋಡಬಹುದು.) ನೀವು ದೀಪ ಆರಿಸಿ ಮಲಗುವ ಹೊತ್ತಿಗೆ ಸರಿಯಾಗಿ ಗೋಡೆ ತನ್ನ ಬಾಕಿ ತೀರಿಸತೊಡಗುತ್ತದೆ. ನಂಬಿಕೆಯಾಗದಿದ್ದರೆ ಏಪ್ರಿಲ್‌ನ ಒಂದು ರಾತ್ರಿ ಒಂಬತ್ತಕ್ಕೆ ಪಶ್ಚಿಮದ ಗೋಡೆಗೊಮ್ಮೆ, ಪೂರ್ವದ ಗೋಡೆಗೊಮ್ಮೆ ಅಂಗೈ ಒತ್ತಿ ನೋಡಿ. ಉಷ್ಣಮಾಪಕ ಬೇಕಿಲ್ಲ.

ವಾಸ್ತುವನ್ನು ಬೈಯುವುದು ನನ್ನ ಉದ್ದೇಶವಲ್ಲ. ಬೈದರೆ ಯಾರೂ ಕೋಣೆ ಬದಲಿಸುವುದಿಲ್ಲ ಎಂಬುದು ನನ್ನ ಅನುಭವ. ಆದರೆ ಒಂದು ವಿಷಯ ಗಮನಿಸಿ. ಎರಡಡಿ ದಪ್ಪದ ಹಳೆಯ ಮಣ್ಣಿನ ಗೋಡೆಗೆ ಇದೇ ಲೆಕ್ಕ ಹಾಕಿದರೆ, ಹೊರಗಿನ ಏರಿಳಿತದ ಇನ್ನೂರನೆಯ ಒಂದು ಭಾಗವೂ ಒಳಗೆ ಉಳಿಯುವುದಿಲ್ಲ. ಅಂಥ ಮನೆಯಲ್ಲಿ ನೈಋತ್ಯವೂ ಒಂದೇ, ಈಶಾನ್ಯವೂ ಒಂದೇ. ನಿಯಮ ಹಾಗೆಯೇ ಉಳಿಯಿತು, ಗೋಡೆ ಮಾತ್ರ ತೆಳ್ಳಗಾಯಿತು. ಆಗ್ನೇಯದ ಅಡಿಗೆಮನೆಯ ಕತೆಯೂ ಹೀಗೆಯೇ. ಅಲ್ಲಿಗೆ ಎಳೆಬಿಸಿಲು ಬರುತ್ತದೆಂದು ವೈಜ್ಞಾನಿಕ ಸಮರ್ಥನೆ ಕೊಡುವವರಿದ್ದಾರೆ. ಹಿತ್ತಿಲ ಕಡೆ 2 ಮೀಟರ್ ದೂರದಲ್ಲಿ ಎರಡಂತಸ್ತಿನ ಮನೆ ಎದ್ದರೆ, ಮಾರ್ಚ್‌ನಲ್ಲಿ ಆ ಗೋಡೆಯನ್ನು ದಾಟಿ ಬಿಸಿಲು ಪೂರ್ವದ ಕಿಟಕಿಯ ಕಡೆ ಇಣುಕುವಾಗ ಗಡಿಯಾರದಲ್ಲಿ ಹನ್ನೊಂದಾಗಿರುತ್ತದೆ. ಆಗಲೂ ಸಜ್ಜಾ ತಡೆಯುತ್ತದೆ. ಈ ಸಮರ್ಥನೆ ಬಿಳಿ ಕಾಗದದ ಮೇಲಷ್ಟೇ ನಿಜ.

ಹಾಗಾದರೆ ಏನು ಮಾಡಬೇಕು? ಅಧ್ಯಾಪಕರಿಗೆ ವೇಳಾಪಟ್ಟಿ ಹೊಸದಲ್ಲ. ಯಾವ ಕೋಣೆಯಲ್ಲಿ ಯಾರು, ಎಷ್ಟು ಗಂಟೆಯಿಂದ ಎಷ್ಟರವರೆಗೆ ಇರುತ್ತಾರೆಂದು ಒಂದು ಪಟ್ಟಿ ಬರೆಯಿರಿ. ಪಕ್ಕದಲ್ಲಿ ಆ ಕೋಣೆಯ ಗೋಡೆ ಯಾವಾಗ ಒಳಗೆ ಬಿಸಿಯಾಗುತ್ತದೆಂದು ಬರೆಯಿರಿ. ಮೇಲಂತಸ್ತಿನ ಪೂರ್ವದ ಗೋಡೆಗೆ ಬೆಳಗ್ಗೆ ಬಿಸಿಲು ಬೀಳುತ್ತದೆ. ಆ ಶಾಖ ಒಳಗೆ ಬರುವುದು ಮಧ್ಯಾಹ್ನ ಒಂದರ ಸುಮಾರಿಗೆ. ಅಷ್ಟು ಹೊತ್ತಿಗೆ ಮಲಗುವ ಕೋಣೆ ಖಾಲಿ. ಪಶ್ಚಿಮದಲ್ಲಿ ಮೆಟ್ಟಿಲು, ಸ್ನಾನದ ಮನೆ, ಬಟ್ಟೆಯ ಕಪಾಟುಗಳಿರಲಿ, ಅವು ಬೆವರುವುದಿಲ್ಲ. ಹಳೇ ಮೈಸೂರಿನ ತೊಟ್ಟಿ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳವಿತ್ತು; ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇತ್ತು. ಪಕ್ಕದ ಮನೆಯ ಗೋಡೆಗೆ ಗೋಡೆ ತಾಗಿದ್ದರೂ ಅವರಿಗೆ ಬೆಳಕಿಗೆ ಬರವಿರಲಿಲ್ಲ. ಮಾಳಿಗೆಯ ಮೇಲಿನ ತೆರಪಿಗೆ ಇಡೀ ಆಕಾಶವೇ ಕಾಣುತ್ತದೆ. ಸಂದಿಯ ಕಿಟಕಿಗೆ ಸಜ್ಜಾ ಇಲ್ಲದಿದ್ದರೂ ಬೀಳುವ ಬೆಳಕಿಗೆ ಹೋಲಿಸಿದರೆ, ಒಂದು ಚದರ ಅಡಿಗೆ ಮೂವತ್ತು ಪಟ್ಟಿಗೂ ಹೆಚ್ಚು. ಎರಡಂತಸ್ತು ಇಳಿಯುವಾಗ ಒಂದಷ್ಟು ನಷ್ಟವಾಗುತ್ತದೆ, ಒಳಗೋಡೆಗೆ ಸುಣ್ಣದ ಬಿಳಿ ಇರಬೇಕು. ಬಿಸಿಗಾಳಿ ಮೇಲೇರಿ ಹೊರಹೋಗಲು ಅದೇ ದಾರಿಯೂ ಆಗುತ್ತದೆ, ತುದಿಯಲ್ಲಿ ಗಾಜಿನ ಕೆಳಗೆ ಜಾಲರಿ ಬಿಟ್ಟರೆ. 816 ಚದರ ಅಡಿಯ ಅಂತಸ್ತಿನಲ್ಲಿ 4×6 ಅಡಿ ಬಿಡುವುದೆಂದರೆ ನೂರಕ್ಕೆ ಮೂರು ಪಾಲು. “ಚದರಕ್ಕೆ ಇಷ್ಟೆಂದು ಕೊಟ್ಟು ಜಾಗ ಹಾಳು ಮಾಡುವುದೇ?” ಎಂದು ಮೇಸ್ತ್ರಿ ಕೇಳಿಯೇ ಕೇಳುತ್ತಾರೆ.

ಸಣ್ಣವು ಇನ್ನೂ ಇದ್ದವು. 10×10ರ ಕೋಣೆಯಲ್ಲಿ ಬರೆದಿದ್ದ ಜೋಡಿ ಮಂಚವನ್ನು ಅಳೆದೆವು. ನಕ್ಷೆಯ ಪ್ರಮಾಣದಂತೆ ಅದು ಐದಡಿ ಉದ್ದ. ಮಕ್ಕಳ ಮಂಚ ಹಾಕಿ ದೊಡ್ಡವರ ಕೋಣೆ ಎಂದಿದ್ದಾರೆ! ನಿಜವಾದ ಆರೂವರೆ ಅಡಿಯ ಮಂಚ, ಎರಡಡಿಯ ಕಪಾಟು ಇಟ್ಟರೆ ನಡುವೆ ಉಳಿಯುವುದು ಒಂದೂವರೆ ಅಡಿ. ತಾರಸಿಯ ಸೋಲಾರ್ ಹೀಟರಿನಿಂದ ಕೆಳಗಿನ ಸ್ನಾನದ ಮನೆಗೆ 15 ಮೀ. ಕೊಳವೆ, 20 ಮಿ.ಮೀ. ಒಳವ್ಯಾಸವಾದರೆ ಅದರಲ್ಲಿ ನಿಂತ ತಣ್ಣೀರೇ 4.7 ಲೀಟರ್. ಪ್ರತಿ ಬೆಳಗ್ಗೆ ಅದು ಮೋರಿಗೆ. ಸ್ನಾನದ ಮನೆಗಳನ್ನು ಒಂದರ ಕೆಳಗೊಂದು, ಹೀಟರಿನ ನೇರಕ್ಕೆ ತಂದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ.

ಒಂದನ್ನು ಮಾತ್ರ ಸಣ್ಣದೆನ್ನಲಾರೆ. ಸ್ನಾನದ ಮನೆಯ ಬಾಗಿಲು ಒಳಕ್ಕೆ ತೆರೆಯುವಂತೆ ಬರೆದಿತ್ತು. ನಮ್ಮ ಮನೆಯದೂ ಹಾಗೆಯೇ ಇತ್ತು. ಅಮ್ಮ ಒಂದು ಬೆಳಗ್ಗೆ ಒಳಗೆ ಜಾರಿ, ಬಾಗಿಲಿಗೆ ಅಡ್ಡವಾಗಿ ಬಿದ್ದರು. ಚಿಲಕ ಹಾಕಿರಲಿಲ್ಲ, ಆದರೂ ತಳ್ಳಿದರೆ ಅವರಿಗೇ ನೋವು. ಬಡಗಿ ಬಂದು ಬಾಗಿಲು ಕೀಳುವವರೆಗೆ ನಲವತ್ತು ನಿಮಿಷ ನಾನು ಹೊರಗೆ ನಿಂತಿದ್ದೆ. ಬಾಗಿಲು ಹೊರಕ್ಕೆ ತೆರೆಯಲಿ, ಮೂರಡಿ ಅಗಲವಿರಲಿ. ನಕ್ಷೆಯ ಮೇಲೆ ಆ ಕಾಲು ವೃತ್ತವನ್ನು ಆಚೆಗೆ ಬರೆಯಲು ಯಾವ ಖರ್ಚೂ ಇಲ್ಲ.

ಮೇಷ್ಟ್ರು ಪಾಯ ತೆಗೆಯುವುದನ್ನು ಒಂದು ತಿಂಗಳು ಮುಂದೂಡಿದರು. ಬೆಳಕಿಂಡಿ ಬಂತು, ಬಾಗಿಲುಗಳು ತಿರುಗಿದವು, ಸಂದಿಯ ಕಿಟಕಿಗಳ ಸಜ್ಜಾ ಒಂಬತ್ತಂಗುಲಕ್ಕೆ ಇಳಿಯಿತು. ನೈಋತ್ಯದ ವಿಷಯದಲ್ಲಿ ಮಾತ್ರ ಮಾವನವರು ಒಪ್ಪಲಿಲ್ಲವಂತೆ. ಹಾಗಾಗಿ ಹೊಸ ನಕ್ಷೆಯಲ್ಲೂ ಆ ಕೋಣೆಗೆ ‘ಮಾಸ್ಟರ್ ಬೆಡ್‌ರೂಂ’ ಎಂದೇ ಬರೆದಿದೆ. ಒಳಗೆ ಪುಸ್ತಕದ ಕಪಾಟು, ಉತ್ತರ ಪತ್ರಿಕೆ ತಿದ್ದಲು ಒಂದು ಮೇಜು. ಮಂಚವನ್ನು ಈಶಾನ್ಯದ ‘ಮಕ್ಕಳ ಕೋಣೆ’ಯಲ್ಲಿ ಬರೆದಿದ್ದಾರೆ, ಈ ಸಲ ಆರೂವರೆ ಅಡಿಯದು.