ಬಿಳಿ ಜುಬ್ಬಾ, ಕಪ್ಪು ಬುರ್ಖಾ ಮತ್ತು ಕ್ಯಾಮೆರಾದ ಕಣ್ಣು

‘ಸಿನಿಮಾ ಲುಕ್’ ಎಂಬ ಮಾತು ಈಗ ಬೆಂಗಳೂರಿನ ಸ್ಟುಡಿಯೋಗಳಿಗೆ ಮಾತ್ರ ಸೇರಿದ್ದಲ್ಲ. ಅರಸೀಕೆರೆಯಂಥ ಊರಿನಲ್ಲೂ ಮದುವೆಯ ವಿಡಿಯೋ ಮಾಡಿಸುವವರು ಅದನ್ನೇ ಕೇಳುತ್ತಾರೆ. ಹಾಗೆಂದರೇನು ಎಂದು ವಿಚಾರಿಸಿದರೆ ಉತ್ತರ ಬಹುತೇಕ ಒಂದೇ. ಹಿನ್ನೆಲೆ ಮಸುಕಾಗಬೇಕು, ಬಣ್ಣ ತುಸು ಬಾಡಬೇಕು, ನೆರಳು ಗಾಢವಾಗಬೇಕು, ಚಲನೆ ಟಿ.ವಿ. ಧಾರಾವಾಹಿಯಂತಿರಬಾರದು. ಇವೆಲ್ಲವೂ ಡಿಜಿಟಲ್ ಕ್ಯಾಮೆರಾದ ಮೆನುವಿನಲ್ಲಿ ಕೂತಿರುವ ಸೆಟ್ಟಿಂಗುಗಳು.

ಇದು ತಂತ್ರಜ್ಞರ ವಿಷಯ ಎಂದು ಸಂಸ್ಕೃತಿಯ ಬಗ್ಗೆ ಬರೆಯುವ ನಾವು ಪಕ್ಕಕ್ಕೆ ಸರಿಸಿಬಿಟ್ಟಿದ್ದೇವೆ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಕಥೆ ಬರೆಯುವವರಿಗೆ ವಿಶೇಷಣ ಹೇಗೋ ಕ್ಯಾಮೆರಾ ಹಿಡಿದವರಿಗೆ ಸೆಟ್ಟಿಂಗ್ ಹಾಗೆ. ‘ಇಕ್ಕಟ್ಟಾದ, ಕತ್ತಲು ಕವಿದ ಗಲ್ಲಿ’ ಎಂದು ಬರೆದ ಕೂಡಲೇ ಆ ಗಲ್ಲಿಯವರು ಬಾಯಿ ತೆರೆಯುವ ಮೊದಲೇ ಅವರ ಬಗ್ಗೆ ಓದುಗರ ಮನಸ್ಸಿನಲ್ಲಿ ಒಂದು ತೀರ್ಮಾನ ಮೂಡುತ್ತದೆ. ಬಣ್ಣ ಮತ್ತು ನೆರಳೂ ಅದೇ ಕೆಲಸ ಮಾಡುತ್ತವೆ. ಉರ್ದುವಿನಲ್ಲಿ ನಜರ್ ಎಂದರೆ ನೋಟ, ನಜರಿಯಾ ಎಂದರೆ ದೃಷ್ಟಿಕೋನ. ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಕ್ಯಾಮೆರಾದ ಮೆನುವಿನಲ್ಲೂ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಸಿನಿಮಾ ರೀಲು ಸೆಕೆಂಡಿಗೆ 24 ಪೂರ್ಣ ಚಿತ್ರಗಳನ್ನು ಹಿಡಿಯುತ್ತಿತ್ತು. ನಮ್ಮ ದೇಶದ ಹಳೆಯ ವಿಡಿಯೋ ಪದ್ಧತಿಯಲ್ಲಿ ಸೆಕೆಂಡಿಗೆ 50 ಅರೆಚಿತ್ರಗಳು ದಾಖಲಾಗುತ್ತಿದ್ದವು. ಮದುವೆ ಕ್ಯಾಸೆಟ್ಟಿನ ಚಲನೆ ಸಿನಿಮಾದಂತೆ ಕಾಣದೇ ಇದ್ದುದಕ್ಕೆ ಇದೊಂದು ಕಾರಣ. 1998ರಲ್ಲಿ ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ ‘ಫೆಸ್ಟೆನ್’ ಚಿತ್ರವನ್ನು ಅಂಗೈಯಗಲದ ಹ್ಯಾಂಡಿಕ್ಯಾಮಿನಲ್ಲಿ ತೆಗೆದು ಅದು ಸಿನಿಮಾವೇ ಎಂದು ತೋರಿಸಿದರು. 2002ರಲ್ಲಿ ಬಂದ ಪ್ಯಾನಸಾನಿಕ್ ಡಿವಿಎಕ್ಸ್ 100 ಕ್ಯಾಮೆರಾ ಸಣ್ಣ ಬಂಡವಾಳದವರಿಗೂ 24 ಪೂರ್ಣ ಚಿತ್ರಗಳನ್ನು ಕೊಟ್ಟಿತು. ನಮ್ಮ ಕಡೆಯ ಮಾದರಿಯಲ್ಲಿ ಅದು 25. ಜೊತೆಗೆ ಸಿನಿಮಾವನ್ನು ಹೋಲುವ ಗಾಮಾ ಸೆಟ್ಟಿಂಗನ್ನೂ ಕೊಟ್ಟಿತು. ನೆರಳು, ನಡುಬೆಳಕು, ಬಿಳುಪು ಇವುಗಳಿಗೆ ಚಿತ್ರದಲ್ಲಿ ಎಷ್ಟೆಷ್ಟು ಪಾಲು ಎಂದು ಹಂಚುವುದೇ ಗಾಮಾ. 2008ರ ಕ್ಯಾನನ್ 5ಡಿ ಮಾರ್ಕ್ 2 ಹಿನ್ನೆಲೆಯನ್ನು ಮಸುಕು ಮಾಡುವ ಸೌಲಭ್ಯವನ್ನು ಫೋಟೋ ಸ್ಟುಡಿಯೋಗಳ ಕೈಗೆ ತಂದಿತು. ಈಗ ಫೋನಿನಲ್ಲೇ ಇವೆಲ್ಲ ಸಿಗುತ್ತವೆ. ಉಪಕರಣ ಎಲ್ಲರ ಕೈಗೆ ಬಂತು. ಆದರೆ ಅದರೊಳಗಿನ ಅಳತೆಗೋಲು ಯಾರದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆಟೋ ಎಂಬ ಅಳತೆಗೋಲು

ಕ್ಯಾಮೆರಾವನ್ನು ‘ಆಟೋ’ದಲ್ಲಿಟ್ಟರೆ ಅದು ತನ್ನೆದುರಿನ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದು ಎಂದು ಭಾವಿಸಿಕೊಂಡು ಬೆಳಕನ್ನು ಅಳೆಯುತ್ತದೆ. ಈ ಲೆಕ್ಕಾಚಾರವನ್ನು ಒಂದು ನಿಕಾಹ್‌ಗೆ ಅನ್ವಯಿಸಿ ನೋಡಿ. ಬಿಳಿ ಜುಬ್ಬಾ, ಬಿಳಿ ಟೋಪಿಯ ಐವತ್ತು ಜನ ಸಾಲಾಗಿ ಕೂತಿದ್ದಾರೆ. ‘ಬೆಳಕು ಅತಿಯಾಯಿತು’ ಎಂದುಕೊಂಡ ಕ್ಯಾಮೆರಾ ಕಣ್ಣು ಕಿರಿದು ಮಾಡುತ್ತದೆ. ಬಿಳಿ ಬಟ್ಟೆ ಬೂದಾಗುತ್ತದೆ, ಗಂಡಸರ ಮುಖಗಳು ಕಪ್ಪಿಡುತ್ತವೆ. ಅದೇ ಕ್ಯಾಮೆರಾ ಹೆಂಗಸರ ಕಡೆಗೆ ಹೋದಾಗ ಚೌಕಟ್ಟಿನ ತುಂಬ ಕಪ್ಪು ಬುರ್ಖಾ. ‘ಬೆಳಕು ಸಾಲದು’ ಎಂದು ಅದು ಕಣ್ಣು ಅಗಲಿಸುತ್ತದೆ. ಬುರ್ಖಾ ಬೂದು ಬಟ್ಟೆಯಾಗುತ್ತದೆ, ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿ ಕಣ್ಣು, ಮೂಗು, ನಗು ಎಲ್ಲ ಅಳಿಸಿಹೋಗುತ್ತವೆ. ಒಂದು ಕಡೆ ಮುಖ ಕಾಣದ ಗಂಡಸರ ಗುಂಪು, ಇನ್ನೊಂದು ಕಡೆ ಮುಖವೇ ಇಲ್ಲದ ಹೆಂಗಸರು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಮಸೀದಿಯ ಮುಂದಿನ ಜನಸಂದಣಿಯನ್ನು ಸುದ್ದಿವಾಹಿನಿಯವರು ಆಟೋದಲ್ಲಿ ಚಿತ್ರಿಸಿದಾಗ ಮೂಡುವುದೂ ಇದೇ ಚಿತ್ರ. ಕತ್ತಲು ಮುಖದ ಗುಂಪನ್ನು ನೋಡಿದವರ ಮನಸ್ಸಿನಲ್ಲಿ ಏನು ಉಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕ್ಯಾಮೆರಾದಲ್ಲಿ ‘ಜೀಬ್ರಾ’ ಎಂಬ ಸೌಲಭ್ಯವಿದೆ. ಬೆಳಕು ನಿಗದಿತ ಮಟ್ಟ ಮುಟ್ಟಿದ ಕಡೆಯಲ್ಲೆಲ್ಲ ಪರದೆಯ ಮೇಲೆ ಓರೆಗೆರೆಗಳು ಕಾಣುತ್ತವೆ. ಮುಖದ ಅತಿ ಬೆಳಕಿನ ಭಾಗಕ್ಕೆ 70 ಶೇಕಡಾ ಎಂಬುದು ಬಹಳ ಕಾಲದ ಪಾಠ. ಅದು ಬಿಳಿಯರ ಚರ್ಮಕ್ಕೆ ಹೊಂದುವ ಪಾಠ. ನಮ್ಮ ಗೋಧಿಬಣ್ಣ, ಎಣ್ಣೆಗಪ್ಪು ಮುಖಗಳಿಗೆ 50ರಿಂದ 60ರೊಳಗೆ ನಿಲ್ಲಿಸಿದರೆ ಚರ್ಮ ತನ್ನ ಬಣ್ಣದಲ್ಲೇ ಉಳಿಯುತ್ತದೆ. ರೀಲಿನ ಕಾಲದಲ್ಲೂ ಕೊಡಕ್ ಕಂಪನಿ ಬಣ್ಣ ಸರಿಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಣ್ಣಿನ ಮುಖವೇ. ಕಪ್ಪು, ಕಂದು ಮುಖಗಳೂ ಅಳತೆಯೊಳಗೆ ಬಂದದ್ದು ತೀರಾ ತಡವಾಗಿ. ಆಟೋ ಎಂಬುದು ನಿಷ್ಪಕ್ಷಪಾತ ಎಂದು ನಂಬಿದವರು ಈ ಚರಿತ್ರೆಯನ್ನು ನೆನಪಿಡಬೇಕು.

ಇನ್ನುಳಿದ ಸೆಟ್ಟಿಂಗುಗಳಿಗೂ ಊರಿನ ಬೆಳಕಿಗೂ ಸಂಬಂಧವಿದೆ. ಅರಸೀಕೆರೆ ತೆಂಗಿನ ಸೀಮೆ. ಮಧ್ಯಾಹ್ನದ ತೋಟದಲ್ಲಿ ಗರಿಗಳ ಸಂದಿನಿಂದ ಬೀಳುವ ಬಿಸಿಲು ಮುಖದ ಮೇಲೆ ಚೂರುಚೂರಾಗಿ ಕೂರುತ್ತದೆ. ಅಲ್ಲಿ ‘ಸಿನಿಮಾ’ ಆಗಲಿ ಎಂದು ನೆರಳನ್ನು ಇನ್ನಷ್ಟು ಒತ್ತಿದರೆ ಅರ್ಧ ಮುಖ ಮಾಯ. ಬದಲಿಗೆ ಕಪ್ಪನ್ನು ಸಡಿಲಿಸಿ, ಬಿಳುಪನ್ನು ತಗ್ಗಿಸಿಟ್ಟುಕೊಳ್ಳಬೇಕು. ಊರಿನ 1220ರ ಹೊಯ್ಸಳ ಶಿವಾಲಯಕ್ಕೂ ಇದೇ ಮಾತು. ಬಳಪದ ಕಲ್ಲಿನ ಬೂದುಹಸಿರನ್ನು ಗಾಢ ನೆರಳಿನ ಸೆಟ್ಟಿಂಗಿಗೆ ಹಾಕಿದರೆ ಶಿಲ್ಪಿ ತಿಂಗಳುಗಟ್ಟಲೆ ಕೆತ್ತಿದ್ದು ಒಂದು ಕಪ್ಪು ಕಲೆಯಾಗುತ್ತದೆ. ಇನ್ನು ಟ್ಯೂಬ್‌ಲೈಟ್. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರನ್ನು 1/60ಕ್ಕೆ ಇಟ್ಟರೆ ಬೆಳಕು ನಡುಗುತ್ತದೆ, 1/50ಕ್ಕೆ ಇಟ್ಟರೆ ನಿಲ್ಲುತ್ತದೆ. ಅಮೆರಿಕದ ಕ್ಯಾಮೆರಾದವರ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಿದರೆ ಇಂಥದ್ದೂ ತಿಳಿಯುವುದಿಲ್ಲ. ಅವರ ವಿದ್ಯುತ್ತು 60 ಹರ್ಟ್ಜ್‌ನದು.

ರೀಲಿನ ಕಾಲದ ಪಾಠ

ಹಾಗಾದರೆ ಕ್ಯಾಮೆರಾದವರು ಇದ್ದದ್ದನ್ನು ಇದ್ದಹಾಗೇ ತೋರಿಸಬೇಕೇ? ಖಂಡಿತ ಅಲ್ಲ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಅದು ವಾಸ್ತವವಲ್ಲ. ಆದರೆ ಹತ್ತಿರವಿದ್ದೂ ಸೇರಲಾರದ ಇಬ್ಬರ ನಡುವಿನ ಅಂತರವನ್ನು ಆ ಬೆಳಕೇ ಹೇಳುತ್ತದೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಡಿಜಿಟಲ್ ಕಾಲದ ಕನ್ನಡದಲ್ಲಿ 2013ರ ‘ಲೂಸಿಯಾ’ ಇದೆ. ಪವನ್ ಕುಮಾರ್ ಅಲ್ಲಿ ಒಂದು ಬದುಕನ್ನು ಬಣ್ಣದಲ್ಲಿ, ಇನ್ನೊಂದನ್ನು ಕಪ್ಪು-ಬಿಳುಪಿನಲ್ಲಿ ಇಟ್ಟರು. ಯಾವುದು ಕನಸು ಎಂಬ ಪ್ರಶ್ನೆಗೆ ಆ ಬಣ್ಣವೇ ಕೀಲಿ. ಎರಡು ಕಡೆಯೂ ‘ಲುಕ್’ ಕಥೆಯಿಂದ ಹುಟ್ಟಿದೆ.

ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆ ‘ಹಸೀನಾ’. ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ ಚಿತ್ರ ಮಾಡಿದರು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುವ ಕಥೆ. ಛಾಯಾಗ್ರಹಣ ‘ಘಟಶ್ರಾದ್ಧ’ದ ಎಸ್. ರಾಮಚಂದ್ರ ಅವರದು. 2008ರ ‘ಗುಲಾಬಿ ಟಾಕೀಸ್’ ಕೂಡ ಇದೇ ಜೋಡಿಯದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿ.ವಿ. ಬರುತ್ತದೆ, ನೆರೆಯ ಹೆಂಗಸರು ಸೇರುತ್ತಾರೆ, ಕಾರ್ಗಿಲ್ ಯುದ್ಧದ ಹೊತ್ತಿಗೆ ಊರು ಒಡೆಯುತ್ತದೆ. ಊರು ಒಡೆದರೂ ಬೆಳಕು ಒಡೆಯುವುದಿಲ್ಲ ಎಂಬುದು ಈ ಚಿತ್ರದ ದೊಡ್ಡತನ. ಗುಲಾಬಿಗೊಂದು ಬಣ್ಣ, ಅವಳ ನೆರೆಯ ಮೀನುಗಾರರಿಗೊಂದು ಬಣ್ಣ ಎಂಬ ಭೇದ ಅಲ್ಲಿಲ್ಲ. ಎಲ್ಲರೂ ಒಂದೇ ಕಡಲ ತೀರದ ಬೆಳಕಿನಲ್ಲಿ ನಿಂತವರು. ಅವಳು ಮುಸ್ಲಿಮಳು ಎಂದು ಹೇಳಲು ರಾಮಚಂದ್ರ ಅವರಿಗೆ ಫಿಲ್ಟರ್ ಬೇಕಾಗಲಿಲ್ಲ.

ಹಳದಿಯ ರಾಜಕಾರಣ

ಇದಕ್ಕೆ ತದ್ವಿರುದ್ಧವಾದುದು ಜಗತ್ತಿನ ತುಂಬ ಇದೆ. 2000ದಲ್ಲಿ ಬಂದ ಹಾಲಿವುಡ್‌ನ ‘ಟ್ರಾಫಿಕ್’ ಚಿತ್ರದಲ್ಲಿ ಸ್ಟೀವನ್ ಸೋಡರ್‌ಬರ್ಗ್ ಮೆಕ್ಸಿಕೋವನ್ನು ಹೊಗೆಸೊಪ್ಪಿನ ಹಳದಿಯಲ್ಲಿ, ಅಮೆರಿಕದ ಒಹಾಯೋವನ್ನು ತಣ್ಣನೆಯ ನೀಲಿಯಲ್ಲಿ ತೋರಿಸಿದರು. ಮೂರು ಕಥೆಗಳನ್ನು ಗುರುತಿಸಲು ಅವರಿಗೆ ಅದು ಅನುಕೂಲವಾಗಿತ್ತು. ಆದರೆ ಅನುಕರಿಸಿದವರ ಕೈಯಲ್ಲಿ ಆ ಹಳದಿ ಬಡ ದೇಶಗಳ ಖಾಯಂ ಬಣ್ಣವಾಯಿತು. ಬಾಗ್ದಾದ್, ಕರಾಚಿ, ನಮ್ಮ ಕೋಲ್ಕತಾ ಎಲ್ಲಕ್ಕೂ ಅದೇ ಧೂಳು, ಅದೇ ಕಾಮಾಲೆ. ನಮ್ಮವರು ಅದನ್ನು ತಂದು ಮೊಹಲ್ಲಾಗೆ ಬಳಿದರು. ಭಯೋತ್ಪಾದನೆಯ ಕಥೆಯ ಹಿಂದಿ ಚಿತ್ರಗಳಲ್ಲಿ ಮುಸ್ಲಿಂ ಗಲ್ಲಿ ಬಂತೆಂದರೆ ಹಸಿರುಮಿಶ್ರಿತ ಹಳದಿ, ಅತಿಯಾದ ನೆರಳು, ಅಲುಗಾಡುವ ಕ್ಯಾಮೆರಾ. 2018ರ ‘ಪದ್ಮಾವತ್’ನಲ್ಲಿ ರಜಪೂತರ ಅರಮನೆಗೆ ಹೊನ್ನಿನ ದೀಪ, ಖಿಲ್ಜಿಗೆ ಮಸಿಗತ್ತಲೆ. ಸಂಭಾಷಣೆಯನ್ನು ಸೆನ್ಸಾರ್ ಮಂಡಳಿ ಪರಿಶೀಲಿಸುತ್ತದೆ. ಬಣ್ಣವನ್ನು ಯಾರೂ ಪ್ರಶ್ನಿಸುವುದಿಲ್ಲ.

ಈಗ ಈ ಬಣ್ಣಗಳು ರೆಡಿಮೇಡ್. ‘ಲಟ್’ ಎಂಬ ಪುಟ್ಟ ಕಡತವನ್ನು ಹಾಕಿದರೆ ಯಾವುದೋ ಸಿನಿಮಾದ ಮೈಬಣ್ಣ ನಮ್ಮ ವಿಡಿಯೋಗೆ ಬಂದುಬಿಡುತ್ತದೆ. 2018ರಲ್ಲಿ ‘ಕೆಜಿಎಫ್’ ಬಂದ ಮೇಲೆ ಕನ್ನಡದಲ್ಲಿ ಇದ್ದಿಲುಗಪ್ಪಿನ ಹಾವಳಿ ನೋಡುತ್ತಿದ್ದೇವೆ. ಗಣಿಯ ಗುಲಾಮರ ಕಥೆಗೆ ಭುವನ್ ಗೌಡ ಕೊಟ್ಟ ಆ ಮಸಿಬಣ್ಣಕ್ಕೆ ಅರ್ಥವಿತ್ತು. ಅದನ್ನೇ ಒಂದು ವಲೀಮಾ ಊಟದ ಮೇಲೆ ಸುರಿದರೆ ಬಿರಿಯಾನಿಯೂ ಮಣ್ಣು, ಮದುಮಗಳೂ ಮಣ್ಣು. ಇದಕ್ಕೆ ಜೋಡಿಯಾಗಿ ಚರ್ಮ ನುಣುಪು ಮಾಡುವ, ಬೆಳ್ಳಗಾಗಿಸುವ ಸೆಟ್ಟಿಂಗ್ ಬೇರೆ. ಕಪ್ಪು ಹುಡುಗಿಯನ್ನು ಬಿಳಿ ಮಾಡುವುದು, ಎಂಬತ್ತರ ನಾನಿಮಾಳ ಸುಕ್ಕುಗಳನ್ನು ಒರೆಸಿಹಾಕುವುದು ಸೌಜನ್ಯವಲ್ಲ. ‘ನೀನು ಇರುವ ಹಾಗೆ ನೋಡಲು ಯೋಗ್ಯಳಲ್ಲ’ ಎಂದು ಮುಖಕ್ಕೆ ಹೇಳಿದ ಹಾಗೆ.

ಬೇರೆ ದಾರಿ ತೋರಿದವರೂ ಇದ್ದಾರೆ. ಮಹಾರಾಷ್ಟ್ರದ ಮಾಲೆಗಾಂವ್‌ನಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ ಪವರ್‌ಲೂಮ್ ನೇಕಾರರನ್ನು ಕಟ್ಟಿಕೊಂಡು ‘ಮಾಲೆಗಾಂವ್ ಕೆ ಶೋಲೆ’ ತೆಗೆದರು. ಫೈಜಾ ಅಹ್ಮದ್ ಖಾನ್ ಅವರ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಸಾಕ್ಷ್ಯಚಿತ್ರ ಅವರ ಕಥೆಯನ್ನು ಹೊರಗಿನವರಿಗೆ ಮುಟ್ಟಿಸಿತು. ಅವರ ಚಿತ್ರಗಳಲ್ಲಿ ‘ಲುಕ್’ ಇಲ್ಲ, ಹಣವೂ ಇರಲಿಲ್ಲ. ಆದರೆ ಮೊಹಲ್ಲಾದವರು ನಗುವುದನ್ನು ಮೊಹಲ್ಲಾದವರೇ ತೋರಿಸಿದರು. ಕರ್ನಾಟಕದಲ್ಲಿ ರಾಮ್ ರೆಡ್ಡಿಯವರ ‘ತಿಥಿ’ ಮಂಡ್ಯ ಸೀಮೆಯ ಹಳ್ಳಿಯವರನ್ನೇ ನಟರನ್ನಾಗಿಸಿಕೊಂಡು, ಅವರ ಬಿಸಿಲಿಗೆ ಬೇರೆ ಬಣ್ಣ ಬಳಿಯದೆ 2015ರಲ್ಲಿ ಲೊಕಾರ್ನೋದವರೆಗೆ ಹೋಗಿ ಗೆದ್ದುಬಂತು.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಗಲ್ಲಿಗಳ ಕಥೆಗಳನ್ನು ಚಿತ್ರ ಮಾಡಲು ಬಯಸುವವರು ಹೆಚ್ಚಬಹುದು. ಹೊರಗಿನವರು ತಮ್ಮ ಹಳದಿಯನ್ನು ಜೊತೆಗೇ ತಂದರೆ ಅಚ್ಚರಿಯಿಲ್ಲ. ಹಾಸನ, ಅರಸೀಕೆರೆಯ ಹುಡುಗ ಹುಡುಗಿಯರು ಅದಕ್ಕೆ ಮೊದಲೇ ಕೆಲಸ ಶುರು ಮಾಡಬೇಕು. ಕಷ್ಟದ ಕೆಲಸವೇನಲ್ಲ. ಅಮ್ಮೀಯನ್ನು ಕಪ್ಪು ಬುರ್ಖಾದಲ್ಲಿ, ಅಬ್ಬಾರನ್ನು ಬಿಳಿ ಜುಬ್ಬಾದಲ್ಲಿ ಮಧ್ಯಾಹ್ನ ತೆಂಗಿನ ಮರದಡಿ ನಿಲ್ಲಿಸಿ, ಆಟೋ ತೆಗೆದು, ಇಬ್ಬರ ಮುಖವೂ ಸರಿಯಾಗಿ ಕಾಣುವವರೆಗೆ ಹೊಂದಿಸಿ. ಶಾಮಿಯಾನದ ಕೆಂಪು ಬಟ್ಟೆಯಡಿ ಬಿಳಿ ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ ನೋಡಿ, ಮಾಡದೆಯೂ ನೋಡಿ. ಮದುವೆಮನೆಯ ಕೆಂಪು ಎಷ್ಟು ಉಳಿಯಬೇಕೆಂದು ನೀವೇ ತೀರ್ಮಾನಿಸಿ. ಸಿಕ್ಕಿದ್ದನ್ನು ಕ್ಯಾಮೆರಾದ ನೆನಪಿನಲ್ಲಿ ಉಳಿಸಿಟ್ಟು, ಅದಕ್ಕೆ ಊರಿನ ಹೆಸರನ್ನೇ ಇಡಿ. ಇಪ್ಪತ್ತು ವರ್ಷಗಳ ನಂತರ ಮೊಮ್ಮಕ್ಕಳು ಆ ವಿಡಿಯೋ ಹಾಕಿದಾಗ ನಾನಿಮಾಳನ್ನು ಅವಳ ಮುಖ ನೋಡಿಯೇ ಗುರುತಿಸುವಂತಿರಬೇಕು.