ಆಡಲು ನಾಟಕವಿಲ್ಲವೆ?

ಘಾಟ್ಕೋಪರದ ನಮ್ಮ ಬಳಗದಲ್ಲಿ ರಂಗಪ್ರಯೋಗದ ಮಾತು ಬಂದಾಗಲೆಲ್ಲ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ: “ಆಡೋಣವೆಂದರೆ ಸ್ವತಂತ್ರ ನಾಟಕಗಳೆಲ್ಲಿವೆ?” ವಾರ್ಷಿಕೋತ್ಸವಕ್ಕೆ ಎರಡು ತಿಂಗಳಿರುವಾಗ ಹೊರಡುವ ಈ ಉದ್ಗಾರವು ಕಡೆಗೆ ಯಾವುದಾದರೊಂದು ಮರಾಠಿ ಪ್ರಹಸನದ ರೂಪಾಂತರದಲ್ಲಿ ಸಮಾಧಾನ ಹೊಂದುತ್ತದೆ. ರೂಪಾಂತರ ಕೀಳೆಂಬುದು ನನ್ನ ಅಭಿಪ್ರಾಯವಲ್ಲ. ಆದರೆ ಈ ಆಕ್ಷೇಪದಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಒಮ್ಮೆ ಪರಿಶೀಲಿಸುವುದು ಯುಕ್ತ.

ಕೃತಿಗಳ ಸಂಖ್ಯೆಯನ್ನು ನೋಡಿದರೆ ಆಕ್ಷೇಪ ನಿಲ್ಲುವುದಿಲ್ಲ. ಕೈಲಾಸಂ, ಶ್ರೀರಂಗ, ಲಂಕೇಶ, ಕಾರ್ನಾಡ, ಕಂಬಾರ ಇವರ ನಾಟಕಗಳನ್ನಷ್ಟೆ ಎಣಿಸಿದರೂ ಒಂದು ತಂಡದ ಆಯುಷ್ಯಕ್ಕೆ ಸಾಕು. ಧಾರವಾಡದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನಗಳು ನಾಟಕಗಳನ್ನು ಅಚ್ಚುಹಾಕುತ್ತಲೇ ಬಂದಿವೆ. ಕಾಯಿದೆಯೂ ನಮಗೆ ಪ್ರತಿಕೂಲವಾಗಿಲ್ಲ. ಕೃತಿಕಾರನು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಸ್ವಾಮ್ಯ ಮುಗಿಯುತ್ತದೆ. 1946ರಲ್ಲಿ ನಿಧನರಾದ ಕೈಲಾಸಂ ಅವರು ಬದುಕಿದ್ದಾಗ ಪ್ರಕಟವಾದ ನಾಟಕಗಳು 2007ರಿಂದ ಎಲ್ಲರ ಸೊತ್ತು. ಅಲ್ಲದೆ ಹವ್ಯಾಸಿ ಸಂಘವು ಟಿಕೇಟಿಲ್ಲದೆ ಪ್ರೇಕ್ಷಕರೆದುರು ಆಡುವುದನ್ನು 1957ರ ಕೃತಿಸ್ವಾಮ್ಯ ಕಾಯಿದೆಯೇ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಆದರೂ ನಾಟಕಕಾರನಿಗೆ ಒಂದು ಪತ್ರ ಬರೆದು ಕೈಲಾದ ಗೌರವಧನ ಕಳಿಸುವುದು ಸೌಜನ್ಯ.

ಹಾಗಾದರೆ ಆಕ್ಷೇಪ ಬರಿಯ ಸೋಮಾರಿತನವೆ? ಹಾಗೆ ಹೇಳಲಾರೆ. ಖಾತೆಯಲ್ಲಿ ಹಣವಿರುವುದು ಬೇರೆ, ಹೊತ್ತಿಗೆ ಅದು ಕೈಗೆ ಬರುವುದು ಬೇರೆ. ಇದು ಬ್ಯಾಂಕಿನವನಾದ ನನಗೆ ನಿತ್ಯದ ಅನುಭವ. ನಮ್ಮ ತಂಡವೆಂದರೆ ಎಂಟು ಹತ್ತು ಜನ. ಒಬ್ಬರು ಉಡುಪಿಯವರು, ಒಬ್ಬರು ಕುಮಟೆಯವರು, ಇನ್ನೊಬ್ಬರು ವಿಜಾಪುರದವರು. ಕಚೇರಿ ಮುಗಿಸಿ ಲೋಕಲ್ ಗಾಡಿಯಲ್ಲಿ ನೂಕಿಸಿಕೊಂಡು ಬಂದು ರಾತ್ರಿ ಎಂಟೂವರೆಯ ಮೇಲೆ ತಾಲೀಮಿಗೆ ನಿಲ್ಲುವವರು. ‘ತುಘಲಕ್’ನ 13 ದೃಶ್ಯಗಳೂ ಅದರ ಜನಜಂಗುಳಿಯೂ ಇವರ ಶಕ್ತಿಗೆ ಮೀರಿದ್ದು. ಕೈಲಾಸಂ ಅವರ ಇಂಗ್ಲಿಷು ಬೆರೆತ ಬೆಂಗಳೂರು ಮನೆಮಾತು ಕರಾವಳಿಯ ನಾಲಗೆಯಲ್ಲಿ ಕೃತಕವಾಗುತ್ತದೆ. ‘ಜೋಕುಮಾರಸ್ವಾಮಿ’ಗೆ ಹಾಡುವ ಕಂಠವೂ ಉತ್ತರ ಕರ್ನಾಟಕದ ಮಾತಿನ ಲಯವೂ ಬೇಕು. ‘ಒಡಕಲು ಬಿಂಬ’ಕ್ಕೆ ಒಬ್ಬಳೇ ನಟಿ ಸಾಕು, ಆದರೆ ಇಡೀ ನಾಟಕವನ್ನು ಹೊರಬಲ್ಲ ಆ ಒಬ್ಬಳು ಬೇಕು!

ಇವೆಲ್ಲ ದಾಟಬಹುದಾದ ತೊಡಕುಗಳು. ನಿಜವಾದ ಕೊರತೆ ಬೇರೆಡೆಗಿದೆ. ಕನ್ನಡ ಕಥನಸಾಹಿತ್ಯಕ್ಕೆ ಮುಂಬಯಿ ಪರಕೀಯವಾಗಿ ಉಳಿದಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ (1979), ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಜಯಂತ ಕಾಯ್ಕಿಣಿಯವರ ಕಥೆಗಳು ಈ ನಗರದ ಒಳಗನ್ನು ಕಂಡಿವೆ. ಈ ಅನುಭವ ರಂಗವನ್ನು ಅದೇ ಪ್ರಮಾಣದಲ್ಲಿ ಏರಲಿಲ್ಲ. ನಗರವನ್ನು ಅಷ್ಟು ಸೂಕ್ಷ್ಮವಾಗಿ ಬರೆದ ಕಾಯ್ಕಿಣಿಯವರೇ ರಂಗಕ್ಕೆ ಕೊಟ್ಟ ‘ಜತೆಗಿರುವನು ಚಂದಿರ’ ‘ಫಿಡ್ಲರ್ ಆನ್ ದ ರೂಫ್’ನ ರೂಪಾಂತರ, ‘ಸೇವಂತಿ ಪ್ರಸಂಗ’ ಶಾ ಅವರ ‘ಪಿಗ್ಮಾಲಿಯನ್’ನದು. ಅವು ಸೊಗಸಾದ ಕೃತಿಗಳೇ. ಆದರೆ ಚಾಳಿನ ಓಣಿಯಲ್ಲಿ ಮೂರು ಭಾಷೆಗಳಲ್ಲಿ ಜಗಳವಾಡಿ ನಾಲ್ಕನೆಯದರಲ್ಲಿ ರಾಜಿಯಾಗುವ ನಮ್ಮ ಸಂಸಾರದ ಸ್ವಂತ ನಾಟಕಕ್ಕಾಗಿ ಇನ್ನೂ ಕಾಯುತ್ತಿದ್ದೇವೆ. ಆದ್ದರಿಂದ ಆಕ್ಷೇಪವನ್ನು ತಿದ್ದಿಕೊಳ್ಳೋಣ: ಸ್ವತಂತ್ರ ನಾಟಕಗಳು ಇಲ್ಲವೆಂಬುದು ಸುಳ್ಳು, ನಮ್ಮ ನಾಟಕ ಇಲ್ಲವೆಂಬುದು ಬಹುಮಟ್ಟಿಗೆ ನಿಜ.

ಅಂಥ ನಾಟಕ ಕಪಾಟಿನಿಂದ ಬರಲಾರದು. ಇದಕ್ಕೆ ನಿದರ್ಶನ ಇದೇ ನಗರದ ಮರಾಠಿ ರಂಗಭೂಮಿಯಲ್ಲಿದೆ. ವಿಜಯ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ನಾಟಕವನ್ನು 1967ರಲ್ಲಿ ರಂಗಾಯನ ತಂಡವು ಆಡಿತು. ವಿಲೆ ಪಾರ್ಲೆಗೆ ಅಣಕು ನ್ಯಾಯಾಲಯದ ಆಟವಾಡಲು ಹೊರಟಿದ್ದ ಹವ್ಯಾಸಿಗಳ ಮಾತುಕತೆ ನಾಟಕಕಾರನ ಕಿವಿಗೆ ಬಿದ್ದುದೇ ಅದರ ಬೀಜ. ಹವ್ಯಾಸಿಗಳ ಸಣ್ಣತನ, ಹುಸಿನಗೆ, ಒಬ್ಬ ಒಂಟಿ ಹೆಣ್ಣಿನ ಮೇಲೆ ಎಲ್ಲರೂ ಎರಗುವ ಕ್ರೌರ್ಯ ಇವೇ ನಾಟಕವಾದವು. ನಮ್ಮಂಥದೇ ಉಪನಗರದ ತಂಡವೊಂದು ಭಾರತೀಯ ರಂಗಭೂಮಿಯ ಶ್ರೇಷ್ಠ ಕೃತಿಗೆ ಕಚ್ಚಾಸಾಮಗ್ರಿಯಾಯಿತು! ಅಲ್ಲಿದ್ದುದು ಕಿವಿಗೊಟ್ಟ ಒಬ್ಬ ಲೇಖಕ. ನಮ್ಮ ತಾಲೀಮಿನ ಕೋಣೆಯಲ್ಲಿ ಲೇಖಕನಿಗೆ ಕುರ್ಚಿಯೇ ಇಲ್ಲ. ಪ್ರಯೋಗದ ದಿನ ಶಾಲು ಹೊದಿಸಿಕೊಳ್ಳುವುದಕ್ಕೆ ಮಾತ್ರ ಅವನ ನೆನಪಾಗುತ್ತದೆ.

ಬರೆಯಿಸಿದ್ದನ್ನೂ ನಾವು ಉಳಿಸಿಕೊಳ್ಳುವುದಿಲ್ಲ. ಹಲವು ವರ್ಷಗಳ ಹಿಂದೆ ಇಲ್ಲಿಯೇ ಕಂಡು ಮೆಚ್ಚಿದ ಸ್ವತಂತ್ರ ಏಕಾಂಕವೊಂದರ ಪ್ರತಿಗಾಗಿ ನಾನು ಈಚೆಗೆ ಹುಡುಕಾಡಿದೆ. ಬರೆದವರು ಈಗಿಲ್ಲ, ಆಡಿದ ತಂಡವೂ ಚದುರಿದೆ. ಸಿಕ್ಕಿದ್ದು ಒಬ್ಬ ನಟಿಯ ನೋಟುಪುಸ್ತಕ. ಕನ್ನಡ ಮಾತನಾಡಬಲ್ಲ, ಓದಲಾರದ ಆಕೆ ತನ್ನ ಪಾಲಿನ ಮಾತುಗಳನ್ನಷ್ಟೆ ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ಉತ್ತರಗಳು ಉಳಿದಿದ್ದವು, ಪ್ರಶ್ನೆಗಳೆಲ್ಲ ಹೋಗಿದ್ದವು.

ಪರಿಹಾರ ದುಬಾರಿಯದಲ್ಲ. ವರ್ಷಕ್ಕೊಮ್ಮೆ ಒಬ್ಬ ಲೇಖಕನನ್ನು ಮೊದಲ ದಿನದ ತಾಲೀಮಿಗೇ ಕರೆಯಬೇಕು. ಅವನೆದುರಿಗಿರುವ ಎಂಟು ಜನರ ನಾಲಗೆಗೆ ಒಗ್ಗುವಂತೆ ಅವನು ಬರೆಯಬೇಕು. ಪ್ರಯೋಗದಲ್ಲಿ ತಿದ್ದುಪಡಿಯಾದ ಪ್ರತಿಯನ್ನು ಬೆರಳಚ್ಚು ಮಾಡಿಸಿ ಸಂಘದ ಗ್ರಂಥಾಲಯದಲ್ಲಿಡಬೇಕು. ಮೊದಲ ನಾಲ್ಕು ನಾಟಕಗಳು ಸಾಧಾರಣವಾದರೆ ಆಗಲಿ. ಐದನೆಯದು ಬಂದಾಗ, ಆಡಲು ನಾಟಕವೆಲ್ಲಿದೆಯೆಂದು ಇನ್ನೊಂದು ಊರಿನವರು ನಮ್ಮನ್ನು ಕೇಳಿಯಾರು.